ಇಲ್ಲವೆನ್ನುವ ಮೊದಲು

ಗಡಿನಾಡಿನ ಕನ್ನಡ ಶಾಲೆಗಳ ಕುರಿತು ಯಾರೂ ಸಂಶೋಧನೆ ನಡೆಸಿಲ್ಲವೆಂದು ನಾವು ಹಲವು ಸಭೆಗಳಲ್ಲಿ ಆಕ್ಷೇಪಿಸಿದ್ದುಂಟು. ಕಳೆದ ವರ್ಷ ಹಳೆಯ ವಿದ್ಯಾರ್ಥಿನಿಯೊಬ್ಬಳು ನಮ್ಮನ್ನು ಕಾಲೇಜು ಗ್ರಂಥಾಲಯದ ಗಣಕಯಂತ್ರದ ಮುಂದೆ ಕುಳ್ಳಿರಿಸಿ, ಭಾರತದ ವಿಶ್ವವಿದ್ಯಾನಿಲಯಗಳ ಪಿಎಚ್.ಡಿ. ಪ್ರಬಂಧಗಳನ್ನು ಸಂಗ್ರಹಿಸಿಡುವ ‘ಶೋಧಗಂಗಾ’ವನ್ನು ತೆರೆದಳು. ಇಂಗ್ಲಿಷಿನಲ್ಲಿ ‘ಕಾಸರಗೋಡು’ ಎಂದು ಬರೆದೆವು. ಬೇಕಾದುದು ಕಾಣಲಿಲ್ಲ. “ನೋಡು, ಇಲ್ಲವೇ ಇಲ್ಲ” ಎಂದೆವು.

“ಮಾಸ್ಟ್ರೇ, ಹೆಸರು ಬದಲಿಸಿ ನೋಡುವ” ಎಂದಳು. ನಡುವಣ ‘ಎ’ ಅಕ್ಷರ ಬಿಟ್ಟು ಬರೆಯುವವರಿದ್ದಾರೆ, ಕೊನೆಗೊಂದು ‘ಇ’ ಸೇರಿಸುವವರೂ ಇದ್ದಾರೆ. 1956ರವರೆಗೆ ನಮ್ಮದು ದಕ್ಷಿಣ ಕನ್ನಡದ, ಅಂದರೆ ‘ಸೌತ್ ಕೆನರಾ’ದ ತಾಲೂಕು, ಬಳಿಕ ಕಣ್ಣೂರು ಜಿಲ್ಲೆಗೆ, ಅಂದಿನ ‘ಕ್ಯಾನನೋರ್’ಗೆ ಸೇರಿತು, ಪ್ರತ್ಯೇಕ ಜಿಲ್ಲೆಯಾದದ್ದು 1984ರಲ್ಲಿ. ಒಂದೊಂದು ಹೆಸರಿಗೂ ಒಂದಿಷ್ಟು ಬರಹ ದೊರೆಯಿತು. ‘ಭಾಷಾ ಅಲ್ಪಸಂಖ್ಯಾತರು’ ಎಂಬುದರ ಇಂಗ್ಲಿಷ್ ಪದಕ್ಕೆ ದೊರೆತ ಪ್ರಬಂಧವೊಂದರಲ್ಲಂತೂ ನಮ್ಮಂಥ ಶಾಲೆಗಳದೇ ಒಂದು ಅಧ್ಯಾಯವಿತ್ತು.

ಮಕ್ಕಳ ಕಾಗುಣಿತ ತಿದ್ದುತ್ತಲೇ ಮೂವತ್ತು ವರ್ಷ ಕಳೆದ ನಮಗೆ ನಾಚಿಕೆಯಾಯಿತು. ಇಲ್ಲವೆನ್ನುವ ಮೊದಲು ನಮ್ಮ ಊರನ್ನು ಅದರ ಎಲ್ಲ ಹೆಸರುಗಳಿಂದಲೂ ಕರೆದು ನೋಡಬೇಕಿತ್ತು. ಹಿಂದಿನ ಆಕ್ಷೇಪವನ್ನು ಈ ಸಂಚಿಕೆಯ ಮೂಲಕ ಹಿಂತೆಗೆದುಕೊಳ್ಳುತ್ತೇವೆ.