ಹೊಸ ಕಣ್ಣು, ಹಳೆಯ ಹಗ್ಗ

ಹುಂಚದಂತಹ ಊರಿನ ಗೃಹಸ್ಥನು ಆಕಾಶವನ್ನು ನೋಡುವುದು ಮಳೆಯ ಲೆಕ್ಕಕ್ಕಾಗಿಯೇ ಹೊರತು ಯಂತ್ರಗಳ ಲೆಕ್ಕಕ್ಕಲ್ಲ. ಮೋಡ ಕಟ್ಟಿದರೆ ಅಂಗಳದ ಅಡಕೆಯನ್ನು ಒಳಗೆ ಸೇರಿಸಬೇಕು. ಮೋಡ ಸರಿದರೆ ಮತ್ತೆ ಹರಡಬೇಕು. ಆದರೆ ನಮ್ಮ ಅಕ್ಕನವರ ಒಬ್ಬನೇ ಮಗನು ತಟರಕ್ಷಣಾ ಪಡೆಯನ್ನು, ಎಂದರೆ ಜನರು ಕೋಸ್ಟ್ ಗಾರ್ಡ್ ಎಂದು ಕರೆಯುವ ದಳವನ್ನು ಸೇರಿದಂದಿನಿಂದ ನಮ್ಮ ಮನೆಯ ರೂಢಿಯು ಬದಲಾಯಿತು. ಮೇಲೆಲ್ಲಾದರೂ ಹೆಲಿಕಾಪ್ಟರಿನ ಸದ್ದು ಕೇಳಿದರೆ ಸಾಕು, ಅಕ್ಕನವರು ಕೈಯ ಕೆಲಸವನ್ನು ಬಿಟ್ಟು ಅಂಗಳಕ್ಕೆ ಬಂದು ನಿಲ್ಲುವರು.

ಈ ಪಡೆಯು 1978ರ ಶಾಸನದಂತೆ ನೆಲೆಗೊಂಡುದು. ಊರಿನಲ್ಲಿ ಪೋಲೀಸರು ಮಾಡುವ ಕೆಲಸವನ್ನು ಇದು ಕಡಲಿನಲ್ಲಿ ಮಾಡುತ್ತದೆ: ಕಳ್ಳಸಾಗಣೆಯನ್ನು ತಡೆಯುವುದು, ಬೆಸ್ತರನ್ನು ಕಾಪಾಡುವುದು, ಮುಳುಗುವವರನ್ನು ಎತ್ತುವುದು. ನಮ್ಮ ಸೋದರಳಿಯನ ಕೆಲಸವು ಈ ಕಡೆಯದು. ಹೆಲಿಕಾಪ್ಟರು ಅಲೆಗಳ ಮೇಲೆ ತೂಗುತ್ತ ನಿಂತಿರುವಾಗ ಹಗ್ಗದ ಆಧಾರದಿಂದ ಕೆಳಗಿಳಿದು ಮನುಷ್ಯನನ್ನು ಅಪ್ಪಿಕೊಂಡು ಬರುವುದು.

2023ರ ದೀಪಾವಳಿಗೆ ಅವನು ರಜೆಯ ಮೇಲೆ ಬಂದಿದ್ದನು. ರಾತ್ರಿ ಊಟವಾದ ಮೇಲೆ ಜಗುಲಿಯಲ್ಲಿ ಕುಳಿತು ತನ್ನ ಯಂತ್ರದ ವೈಭವವನ್ನು ವರ್ಣಿಸತೊಡಗಿದನು. ಬೆಂಗಳೂರಿನ ಹಿಂದೂಸ್ತಾನ್ ಏರೋನಾಟಿಕ್ಸ್ ಕಾರ್ಖಾನೆಯಲ್ಲಿ ತಯಾರಾದ 'ಧ್ರುವ' ಹೆಲಿಕಾಪ್ಟರು ಮೊದಲು ಹಾರಿದುದು 1992ರಲ್ಲಿ. ಪಡೆಗಳ ಕೈಸೇರಿದುದು 2002ರಲ್ಲಿ. ಆ ಹಳೆಯ ಮಾದರಿಯಲ್ಲಿ ಗಡಿಯಾರದಂತಹ ಮುಳ್ಳುಗಳನ್ನು ನೋಡಿ ಹಾರಿಸಬೇಕಾಗಿದ್ದಿತು. ತಟರಕ್ಷಣಾ ಪಡೆಯು 2017ರಲ್ಲಿ 16 ಹೊಸ ಯಂತ್ರಗಳಿಗಾಗಿ ಒಪ್ಪಂದ ಮಾಡಿಕೊಂಡಿತು. ಅವುಗಳಲ್ಲಿ ಮೊದಲನೆಯವು 2021ರಲ್ಲಿ ಸೇವೆಗೆ ಬಂದುವು. ಇವುಗಳಲ್ಲಿ ಮುಳ್ಳುಗಳ ಸ್ಥಾನಕ್ಕೆ ಗಾಜಿನ ಪರದೆಗಳು, ಹೆಚ್ಚು ಬಲದ 'ಶಕ್ತಿ' ಎಂಜಿನುಗಳು, ದೂರದ ದೋಣಿಯನ್ನು ಕಾಣುವ ರಾಡಾರ್, ಪ್ರಖರವಾದ ಶೋಧದೀಪ, ಮತ್ತು ಶಾಖವನ್ನೇ ಬೆಳಕೆಂಬಂತೆ ಗ್ರಹಿಸುವ ಕ್ಯಾಮರಾ.

"ಕತ್ತಲೆಯಲ್ಲಿಯೂ ಕಾಣುತ್ತದೆಯೆ? ಹಾಗಾದರೆ ತಪ್ಪಿಸಿಕೊಂಡ ನಮ್ಮ ಗಬ್ಬದ ದನವನ್ನು ಹುಡುಕಿಕೊಡು, ಮಗಾ," ಎಂದರು ಅಕ್ಕನವರು.

ಅವನು ನಕ್ಕನು. "ಕಡಲಿನ ನೀರು ತಣ್ಣಗಿರುತ್ತದೆ, ಅಮ್ಮಾ, ಅದರ ನಡುವೆ ಮನುಷ್ಯನ ಮೈ ಕಾವು ಚುಕ್ಕೆಯಂತೆ ಕಾಣುತ್ತದೆ. ನಮ್ಮ ಕಾಡಿನ ಎಲೆಗಳ ಚಪ್ಪರದೊಳಗೆ ಆ ಕಣ್ಣು ಇಳಿಯುವುದಿಲ್ಲ. ದಟ್ಟವಾದ ಮಂಜಿನಲ್ಲಿಯೂ ಅದಕ್ಕೆ ಮಬ್ಬೇ."

ಹೊಸ ಸಲಕರಣೆಯನ್ನು ಕೂಡಿಸುವುದೆಂದರೆ ಗೋಡೆಗೆ ಮೊಳೆ ಹೊಡೆದು ದೀಪ ತೂಗುಹಾಕಿದಂತಲ್ಲವೆಂಬುದು ನಮಗೆ ಆ ರಾತ್ರಿ ತಿಳಿಯಿತು. ಸುಮಾರು ಐದೂವರೆ ಟನ್ನು ತೂಕದ ಮಿತಿಯುಳ್ಳ ಯಂತ್ರವದು. ಒಂದು ಕಡೆ ತೂಕವನ್ನು ಏರಿಸಿದರೆ ಇನ್ನೊಂದು ಕಡೆ ಎಣ್ಣೆಯನ್ನೋ ಆಳನ್ನೋ ಇಳಿಸಬೇಕು. ಮೂಗಿನ ಮೇಲೆ ಭಾರವನ್ನಿಟ್ಟರೆ ತಕ್ಕಡಿಯು ಮುಂದಕ್ಕೆ ವಾಲುವುದು. ವಿದ್ಯುತ್ತು ಸಾಲಬೇಕು, ಒಂದರ ಅಲೆಯು ಇನ್ನೊಂದರ ಮಾತನ್ನು ಕೆಡಿಸಬಾರದು, ಅದುರಿಕೆಗೆ ತಿರುಪು ಸಡಿಲವಾಗಬಾರದು. ಇವೆಲ್ಲವನ್ನೂ ಪರೀಕ್ಷಿಸಿ ಒಪ್ಪಿಗೆ ಕೊಡಲೆಂದೇ ಬೆಂಗಳೂರಿನಲ್ಲಿ ಪ್ರತ್ಯೇಕವಾದ ಸಂಸ್ಥೆಯಿದೆ. ಕೂಡುಕುಟುಂಬಕ್ಕೆ ಹೊಸ ಸೊಸೆ ಬಂದಂತೆಯೇ ಸರಿ. ಒಬ್ಬಳು ಬಂದರೂ ಎಲ್ಲರೂ ಸ್ವಲ್ಪ ಸ್ವಲ್ಪ ಜರುಗಿ ಕೂರಬೇಕು.

ಅಕ್ಕನವರು ಎಲ್ಲವನ್ನೂ ಕೇಳಿ, "ಆ ಕಣ್ಣು ಕಡಲನ್ನು ನೋಡುತ್ತದೆ, ಸರಿ. ಅದನ್ನು ಹೊತ್ತ ರೆಕ್ಕೆಯನ್ನು ನೋಡುವವರಾರು?" ಎಂದು ಕೇಳಿದರು. ಪ್ರತಿಯೊಂದು ಹಾರಾಟದ ಹಿಂದೆ ಮುಂದೆ ನೋಡುವವರಿದ್ದಾರೆಂದು ಅವನು ಸಮಾಧಾನ ಹೇಳಿದನು. ನಾವು ಅದನ್ನು ಹೆಂಗಸರ ಸಹಜವಾದ ಭಯವೆಂದು ತಿಳಿದು ಮಲಗಲು ಹೋದೆವು. ನಮ್ಮ ತಪ್ಪು ಅಲ್ಲಿಯೇ ಆಯಿತು.

2024ರ ಸೆಪ್ಟೆಂಬರ್ 2ರ ರಾತ್ರಿ ಪೋರಬಂದರದ ಬಳಿ ಹಡಗಿನ ಗಾಯಾಳುವೊಬ್ಬನನ್ನು ಕರೆತರಲು ಹೋದ ಈ ಬಗೆಯ ಹೆಲಿಕಾಪ್ಟರು ಕಡಲಿಗೆ ಬಿದ್ದಿತು. ನಾಲ್ವರಲ್ಲಿ ಮೂವರು ಮರಳಲಿಲ್ಲ. 2025ರ ಜನವರಿ 5ರಂದು ಅದೇ ಊರಿನ ವಿಮಾನ ನಿಲ್ದಾಣದಲ್ಲಿ ಇನ್ನೊಂದು ಬಿದ್ದು ಮತ್ತೆ ಮೂವರು ತೀರಿಕೊಂಡರು. ಆ ದಿನ ನಮ್ಮ ಹುಡುಗನ ಫೋನು ಸಿಕ್ಕಿದುದು ರಾತ್ರಿ ಹತ್ತು ಗಂಟೆಗೆ. ಅವನು ಬೇರೆಡೆಯಲ್ಲಿದ್ದನು. ಅಷ್ಟು ಹೊತ್ತೂ ಅಕ್ಕನವರು ದೇವರ ದೀಪದ ಮುಂದೆ ಕುಳಿತಿದ್ದರು. ಒಂದು ಮಾತನ್ನೂ ಆಡಲಿಲ್ಲ.

ಎರಡನೆಯ ಅಪಘಾತದ ತನಿಖೆಯಲ್ಲಿ 'ಸ್ವಾಶ್‌ಪ್ಲೇಟ್' ಎಂಬ ಭಾಗವು ಮುರಿದಿದ್ದುದು ಕಂಡುಬಂದಿತು. ಅದು ರಾಡಾರೂ ಅಲ್ಲ, ಕ್ಯಾಮರಾವೂ ಅಲ್ಲ. ಮೇಲಿನ ರೆಕ್ಕೆಗಳ ಬುಡದಲ್ಲಿದ್ದು, ಚಾಲಕನ ಕೈಯ ಅಪ್ಪಣೆಯನ್ನು ಆ ರೆಕ್ಕೆಗಳಿಗೆ ಮುಟ್ಟಿಸುವ ಲೋಹದ ತಟ್ಟೆ. ಯಾವ ಹೆಲಿಕಾಪ್ಟರಿಗಾದರೂ ಬೇಕಾದ ಮೂಲವಸ್ತು. ಅಕ್ಕನವರು ಕೇಳಿದ ಪ್ರಶ್ನೆಯೂ ಅದೇ ಆಗಿದ್ದಿತು.

ಧ್ರುವ ಯಂತ್ರಗಳೆಲ್ಲ ನೆಲಕ್ಕಿಳಿದುವು. ಭೂಸೇನೆ, ವಾಯುಸೇನೆಗಳವು 2025ರ ಮೇ ತಿಂಗಳಲ್ಲಿ ಮತ್ತೆ ಹಾರತೊಡಗಿದುವು. ಕಡಲಿನವು ಇನ್ನೂ ಕಾಯಬೇಕಾಯಿತು. ಆ ತಿಂಗಳುಗಳಲ್ಲಿ ಅಕ್ಕನವರು ನಿಶ್ಚಿಂತೆಯಿಂದ ನಿದ್ರಿಸಿದರೆಂಬುದನ್ನು ನಾವು ಬಲ್ಲೆವು. ಆದರೆ ಒಂದು ದಿನ ಹುಡುಗನು ಫೋನಿನಲ್ಲಿ, "ಮಾವಾ, ನಾವು ನೆಲದ ಮೇಲಿದ್ದೇವೆ, ಮುಳುಗುವವನು ಮಾತ್ರ ಕಡಲಿನಲ್ಲಿಯೇ ಇರುತ್ತಾನಲ್ಲ," ಎಂದನು. ಈ ಮಾತನ್ನು ಅಕ್ಕನವರಿಗೆ ತಿಳಿಸಿದೆವು. ಅವರು ಬಹಳ ಹೊತ್ತು ಸುಮ್ಮನಿದ್ದು, "ಅವನಿಗೂ ತಾಯಿಯಿದ್ದಾಳು," ಎಂದರು. ಮಗನು ಆ ಕೆಲಸವನ್ನು ಬಿಟ್ಟುಬರಲಿ ಎಂಬ ಮಾತು ಅಂದಿನಿಂದ ಅವರ ಬಾಯಲ್ಲಿ ಬರಲಿಲ್ಲ.

ಹೊಸತು ಬೇಡವೆಂದು ನಾವು ಹೇಳುವವರಲ್ಲ. ಕತ್ತಲೆಯ ಕಡಲಿನಲ್ಲಿ ಆ ಕ್ಯಾಮರಾದಿಂದ ಒಂದು ಜೀವ ಉಳಿದರೂ ಅದರ ಬೆಲೆ ಸಂದಿತು. ಆದರೆ ಹೊಸದನ್ನು ಕೊಂಡ ಸಂಭ್ರಮದಲ್ಲಿ ಹಳೆಯದನ್ನು ನೋಡುವ ತಾಳ್ಮೆಯು ಕಡಮೆಯಾಗಬಾರದು. ನಮ್ಮ ಮನೆಗಳಲ್ಲಿಯೂ ಇದೇ ಕತೆಯಲ್ಲವೆ? ಬಾವಿಗೆ ಹೊಸ ಪಂಪು ಕೂರಿಸುವೆವು, ಹಳೆಯ ತಂತಿಯನ್ನು ನೋಡೆವು. ಮಾಡಿಗೆ ಹೊಸ ಹೆಂಚು ಹೊದಿಸುವೆವು, ಗೆದ್ದಲು ಹಿಡಿದ ತೊಲೆಯನ್ನು ನೋಡೆವು.

ಮೊನ್ನೆ ನಮ್ಮ ತೋಟಕ್ಕೆ ಕೊನೆ ಕೊಯ್ಯುವವನು ಬಂದಿದ್ದನು. ಅವನ ಕತ್ತಿ ಹೊಸದು, ತಲೆಯ ಟೋಪಿಯೂ ಹೊಸದು. ಮರ ಹತ್ತುವ ಮುನ್ನ ಅವನು ಅವೆರಡನ್ನೂ ನೋಡಲಿಲ್ಲ. ಕಾಲಿಗೆ ಹಾಕುವ ಹಗ್ಗದ ಕುಣಿಕೆಯನ್ನು ಎರಡು ಕೈಯಿಂದ ಹಿಡಿದು ಮೂರು ಬಾರಿ ಜಗ್ಗಿದನು. "ನಿನ್ನೆ ತಾನೆ ನೋಡಿದ್ದೆಯಲ್ಲ?" ಎಂದೆವು. "ನಿನ್ನೆ ಹತ್ತಿದ್ದು ನಿನ್ನೆಗಾಯ್ತು, ಅಯ್ಯಾ," ಎಂದು ಅವನು ಮರವೇರಿದನು. ಜಗುಲಿಯಲ್ಲಿ ಕುಳಿತಿದ್ದ ಅಕ್ಕನವರು ಅವನು ಕೆಳಗಿಳಿಯುವವರೆಗೂ ಮೇಲೆಯೇ ನೋಡುತ್ತಿದ್ದರು.