ಕೊನೆಯ ಇಪ್ಪತ್ತು ನಿಮಿಷ

2024ರ ಮಾರ್ಚ್ 26ರ ಸಂಜೆ. ಬೆಂಗಳೂರಿನಲ್ಲಿರುವ ಮಗನ ಮನೆಯಲ್ಲಿ ಮೊಮ್ಮಗನೊಡನೆ ಟಿ.ವಿ.ಯ ಮುಂದೆ ಕುಳಿತಿದ್ದೆ. ಗುವಾಹಟಿಯಲ್ಲಿ ಭಾರತ ಮತ್ತು ಅಫಘಾನಿಸ್ತಾನ ತಂಡಗಳ ನಡುವೆ ವಿಶ್ವಕಪ್ ಕಾಲ್ಚೆಂಡಾಟದ ಅರ್ಹತಾ ಪಂದ್ಯ ನಡೆದಿತ್ತು. ಸುನಿಲ್ ಛೆಟ್ರಿಯವರಿಗೆ ಅದು ದೇಶದ ಪರವಾಗಿ 150ನೆಯ ಪಂದ್ಯ. 38ನೆಯ ನಿಮಿಷದಲ್ಲಿ ಅವರೇ ಗೋಲು ಹೊಡೆದು ಮುನ್ನಡೆ ತಂದುಕೊಟ್ಟಾಗ ಮೊಮ್ಮಗ ಕುಣಿದಾಡಿದ. ಆದರೆ ಉತ್ತರಾರ್ಧದಲ್ಲಿ ನಮ್ಮವರ ಆಟ ಹೊತ್ತು ಕಳೆದಂತೆ ಮಂದವಾಯಿತು. 70ನೆಯ ನಿಮಿಷದಲ್ಲಿ ಎದುರಾಳಿಗಳು ಸಮ ಮಾಡಿದರು. 88ನೆಯ ನಿಮಿಷದಲ್ಲಿ ಪೆನಾಲ್ಟಿಯಿಂದ ಗೆದ್ದೇ ಬಿಟ್ಟರು. ಶ್ರೇಯಾಂಕದಲ್ಲಿ ನಮಗಿಂತ ಬಹಳ ಕೆಳಗಿದ್ದ ತಂಡಕ್ಕೆ, ನಮ್ಮದೇ ನೆಲದಲ್ಲಿ ನಾವು ಸೋತಿದ್ದೆವು.

“ಅಜ್ಜಾ, ಇವರೆಲ್ಲ ಬರೀ ಸೋಮಾರಿಗಳು. ಓಡೋದೇ ಇಲ್ಲ ನೋಡು!” ಎಂದು ಮೊಮ್ಮಗ ಸಿಟ್ಟಿನಿಂದ ದಿಂಬನ್ನು ಎಸೆದ.

ನಾನು ಉತ್ತರ ಕೊಡಲಿಲ್ಲ. ಏಕೆಂದರೆ ಅದೇ ಮಾತನ್ನು, ಅದೇ ಸಿಟ್ಟಿನಿಂದ, ಇಪ್ಪತ್ತಾರು ವರ್ಷಗಳ ಹಿಂದೆ ನಾನೂ ಆಡಿದ್ದೆ. ಆ ಮಾತಿಗೆ ತೆತ್ತ ಬೆಲೆ ನನ್ನದಾಗಿರಲಿಲ್ಲ, ಒಬ್ಬ ಬಡ ಬಾಲಕನದಾಗಿತ್ತು. ಅದನ್ನು ಈವರೆಗೆ ಬರೆದವನಲ್ಲ. ಮಕ್ಕಳಿರುವ ಮನೆಗಳಲ್ಲಿ ಓದುವ ಈ ಪತ್ರಿಕೆಯಲ್ಲಿ ಹೇಳಿಕೊಳ್ಳುವುದು ಉಚಿತವೆಂದು ತೋರಿ ಬರೆಯುತ್ತಿದ್ದೇನೆ.

ಆಗ, 1998ರಲ್ಲಿ, ನಾನು ಬೆಳಗಾವಿ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಕನಾಗಿದ್ದೆ. ತಂಡದ ಹುಡುಗರಲ್ಲಿ ಹೆಚ್ಚಿನವರು ದೂರದ ಹಳ್ಳಿಗಳಿಂದ ಬಂದು ಉಚಿತ ಪ್ರಸಾದನಿಲಯದಲ್ಲಿದ್ದು ಓದುತ್ತಿದ್ದವರು. ಚೆಂಡಿನ ಮೇಲೆ ಅವರಿಗಿದ್ದ ಹಿಡಿತ ಕಂಡು ಬೇರೆ ಶಾಲೆಯ ಶಿಕ್ಷಕರು ಮೆಚ್ಚುತ್ತಿದ್ದರು. ಆದರೂ ಆ ವರ್ಷ ನಾವು ಆಡಿದ ಪಂದ್ಯಗಳೆಲ್ಲ ಒಂದೇ ರೀತಿಯಲ್ಲಿ ಸೋತೆವು. ಪೂರ್ವಾರ್ಧದಲ್ಲಿ ಸಮಬಲ ಅಥವಾ ಮುನ್ನಡೆ. ಉತ್ತರಾರ್ಧದಲ್ಲಿ ಕಾಲು ಎಳೆಯುತ್ತ ನಡೆಯುವ ಹನ್ನೊಂದು ಹುಡುಗರು. ಎದುರಾಳಿ ಅವರನ್ನು ದಾಟಿ ಹೋಗುವಾಗ ತಿರುಗಿ ನೋಡುವಷ್ಟು ಶಕ್ತಿಯೂ ಅವರಲ್ಲಿ ಉಳಿಯುತ್ತಿರಲಿಲ್ಲ.

ನನಗೆ ತಿಳಿದಿದ್ದ ಔಷಧ ಒಂದೇ. ಓಡದವರನ್ನು ಓಡಿಸುವುದು. ಸೋತ ಮರುದಿನ ಬೆಳಗಿನ ಐದೂವರೆಗೆ ಎಲ್ಲರನ್ನೂ ಮೈದಾನಕ್ಕೆ ಕರೆಸಿ ಹತ್ತು ಸುತ್ತಿನ ಶಿಕ್ಷೆ ವಿಧಿಸಿದೆ. ರಕ್ಷಣಾ ಸಾಲಿನಲ್ಲಿ ಆಡುತ್ತಿದ್ದ ಹದಿನೈದು ವರ್ಷದ ಹುಡುಗನೊಬ್ಬ ನಾಲ್ಕನೆಯ ಸುತ್ತಿಗೇ ನಿಂತ.

“ಯಾಕೋ, ಸೋಮಾರಿ?” ಎಂದು ಗದರಿದೆ.

“ಸೋಮಾರಿತನ ಅಲ್ರೀ ಸರ್, ಅರ್ಧಾ ಆಟ ಆದ ಮ್ಯಾಲ ಕಾಲು ಕಲ್ಲಾದಂಗ ಆಗತಾವ್ರೀ,” ಎಂದ. ಅದು ನೆಪವೆಂದು ತಿಳಿದು ಇನ್ನೂ ಎರಡು ಸುತ್ತು ಹೆಚ್ಚಿಸಿದೆ. ಏಳನೆಯ ಸುತ್ತಿನಲ್ಲಿ ಅವನು ಗೋಲುಕಂಬದ ಬಳಿ ಕುಸಿದು ಬಿದ್ದ.

ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದೆವು. ವೈದ್ಯರು ಅವನ ಕಣ್ಣಿನ ಕೆಳರೆಪ್ಪೆ ಸರಿಸಿ ನೋಡಿದರು, ಬೆಳ್ಳಗೆ ಬಿಳಿಚಿಕೊಂಡಿತ್ತು. ರಕ್ತಪರೀಕ್ಷೆಯಲ್ಲಿ ಕನಿಷ್ಠ 13 ಗ್ರಾಂ ಇರಬೇಕಾಗಿದ್ದ ಹಿಮೋಗ್ಲೋಬಿನ್ 8 ಗ್ರಾಂ ಮಾತ್ರ ಇತ್ತು. ಬರಿಗಾಲಿನಲ್ಲಿ ಓಡಾಡುವ ಮಕ್ಕಳಿಗೆ ತಗಲುವ ಕೊಕ್ಕೆಹುಳು ಬೇರೆ. ವೈದ್ಯರು ನನ್ನ ಮುಖ ನೋಡಿ, “ಮೇಷ್ಟ್ರೇ, ಮೊದಲು ಇವನಿಗೆ ಉಣಿಸಿ, ಆಮೇಲೆ ಓಡಿಸಿ,” ಎಂದರು.

ಆ ಮಾತಿಗಿಂತ ಹರಿತವಾದದ್ದು ಅಡುಗೆಮನೆಯಲ್ಲಿ ಕಾದಿತ್ತು. ಪ್ರಸಾದನಿಲಯದಲ್ಲಿ ರೊಟ್ಟಿ ಬಡಿಯುತ್ತಿದ್ದ ವಯಸ್ಸಾದ ತಾಯಿಯೊಬ್ಬರು ಹೊರಗೆ ಬಂದು ಕೇಳಿದರು: “ಓಡಸೂದು ಓಡಸ್ತೀರಿ ಸರ್, ಉಂಡಾರೋ ಇಲ್ಲೋ ಒಂದ್ ದಿನಾನರ ಕೇಳೀರೇನ್ರೀ?” ಆಗ ತಿಳಿಯಿತು. ಸಂಜೆಯ ಅಭ್ಯಾಸ ಮುಗಿಸಿ ಹುಡುಗರು ಬರುವಷ್ಟರಲ್ಲಿ ಊಟದ ಗಂಟೆ ಮುಗಿದಿರುತ್ತಿತ್ತು. ಉಳಿದ ಅನ್ನ ಸಾರು ಮಾತ್ರ ಸಿಗುತ್ತಿತ್ತು. ಬೆಳಿಗ್ಗೆ ಒಂದು ಲೋಟ ಚಹ ಕುಡಿದು ಮೈದಾನಕ್ಕೆ ಬಂದರೆ ಮತ್ತೆ ಉಪಾಹಾರ ಒಂಬತ್ತಕ್ಕೆ. ಇದರಲ್ಲಿ ಪ್ರಸಾದನಿಲಯದವರ ತಪ್ಪೇನೂ ಇರಲಿಲ್ಲ. ಅಭ್ಯಾಸದ ವೇಳೆಯನ್ನು ನಿಗದಿ ಮಾಡಿದವನು ನಾನು; ಊಟದ ವೇಳೆಯನ್ನು ಕೇಳದವನೂ ನಾನೇ. ಎರಡು ವರ್ಷ ನಾನು ಹಸಿವನ್ನೇ ಸೋಮಾರಿತನವೆಂದು ಕರೆದಿದ್ದೆ.

ದಣಿವು ಹೇಗೆ ಆಟವನ್ನು ಕೊಲ್ಲುತ್ತದೆ ಎಂಬುದನ್ನು ಆ ಬಳಿಕ ಗಮನಿಸತೊಡಗಿದೆ. 90 ನಿಮಿಷಗಳ ಪಂದ್ಯದಲ್ಲಿ ಆಟಗಾರನೊಬ್ಬ ಸುಮಾರು 10 ಕಿಲೋಮೀಟರ್ ಓಡುತ್ತಾನೆ. ಆದರೆ ಚೆಂಡು ಅವನ ಕಾಲಲ್ಲಿರುವುದು ಎರಡು ಮೂರು ನಿಮಿಷ ಮಾತ್ರ. ಮಿಕ್ಕ ಸಮಯವೆಲ್ಲ ಚೆಂಡಿಲ್ಲದ ಓಟ. ಗೆಳೆಯನಿಗೆ ದಾರಿ ಮಾಡಿಕೊಡುವ ಓಟ, ಎದುರಾಳಿಯ ದಾರಿ ಕಟ್ಟುವ ಓಟ. ತಂಡ ದಣಿದಾಗ ಮೊದಲು ನಿಲ್ಲುವುದು ಯಾರೂ ಹೊಗಳದ ಈ ಓಟವೇ. ಆಗ ಚೆಂಡು ಹಿಡಿದವನಿಗೆ ಕೊಡಲು ಯಾರೂ ಕಾಣುವುದಿಲ್ಲ. ಅವನು ನಿಲ್ಲುತ್ತಾನೆ, ಮತ್ತೊಮ್ಮೆ ಮುಟ್ಟುತ್ತಾನೆ, ಹಿಂದಕ್ಕೆ ಕಳಿಸುತ್ತಾನೆ. ಪ್ರೇಕ್ಷಕರು ಅವನನ್ನು ನಿಧಾನಿ ಎಂದು ಬೈಯುತ್ತಾರೆ. ನಿಜವಾಗಿ ನಿಂತಿರುವವರು ಉಳಿದವರು. ದಣಿದ ಮೈಯೊಂದಿಗೆ ಬುದ್ಧಿಯೂ ದಣಿಯುತ್ತದೆ. ಒಂದು ಹೆಜ್ಜೆ ತಡವಾಗಿ ಬಂದ ಕಾಲು ಚೆಂಡಿನ ಬದಲು ಎದುರಾಳಿಯ ಕಾಲನ್ನು ತಗಲುತ್ತದೆ. ಕೊನೆಗಳಿಗೆಯ ಪೆನಾಲ್ಟಿಗಳಲ್ಲಿ ಎಷ್ಟೋ ಹುಟ್ಟುವುದು ಹೀಗೆ.

ನಮ್ಮ ದೇಶದ ತಂಡದ ಕಥೆಯನ್ನು ಈ ಕಣ್ಣಿನಿಂದ ನೋಡಿದರೆ ಮನಸ್ಸಿಗೆ ನೋವಾಗುತ್ತದೆ. 1956ರ ಮೆಲ್ಬೋರ್ನ್ ಒಲಿಂಪಿಕ್ಸ್‌ನ ಉಪಾಂತ್ಯದಲ್ಲಿ ಉತ್ತರಾರ್ಧದ ಆರಂಭದಲ್ಲಿ ಭಾರತವೇ ಯುಗೋಸ್ಲಾವಿಯದ ಮೇಲೆ ಮುನ್ನಡೆ ಸಾಧಿಸಿತ್ತು. ಆ ಬಳಿಕ ಸಾಲಾಗಿ ನಾಲ್ಕು ಗೋಲು ಬಿಟ್ಟುಕೊಟ್ಟಿತು. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಪಿ.ಕೆ. ಬ್ಯಾನರ್ಜಿಯವರ ಗೋಲಿನಿಂದ ಫ್ರಾನ್ಸ್ ವಿರುದ್ಧ ಗೆಲ್ಲಲಿದ್ದೆವು. 82ನೆಯ ನಿಮಿಷದಲ್ಲಿ ಗೆಲುವು ಕೈತಪ್ಪಿತು. ಅಂದು ನಮ್ಮ ದೇಶದೊಳಗಿನ ಪಂದ್ಯಗಳು 70 ನಿಮಿಷಗಳಲ್ಲಿ ಮುಗಿಯುತ್ತಿದ್ದವು. ಹೊರದೇಶಗಳಲ್ಲಿ ಆಡಬೇಕಾದುದು 90 ನಿಮಿಷ. ವರ್ಷವಿಡೀ 70 ನಿಮಿಷಕ್ಕೆ ಒಗ್ಗಿದ ದೇಹ ಮಿಕ್ಕ ಇಪ್ಪತ್ತು ನಿಮಿಷವನ್ನು ಎಲ್ಲಿಂದ ತಂದೀತು?

ಆ ಕೊರತೆಯ ನಡುವೆಯೂ ತಂಡವನ್ನು ಕಟ್ಟಿ ನಿಲ್ಲಿಸಿದವರು ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮ್. ವೃತ್ತಿಯಿಂದ ಅವರೂ ಶಾಲಾ ಶಿಕ್ಷಕರೇ. 1962ರಲ್ಲಿ ಜಕಾರ್ತಾದ ಏಷ್ಯನ್ ಕ್ರೀಡಾಕೂಟದ ಅಂತಿಮ ಪಂದ್ಯದಲ್ಲಿ ಅವರ ಶಿಷ್ಯರು ದಕ್ಷಿಣ ಕೊರಿಯಾವನ್ನು 2-1ರಿಂದ ಸೋಲಿಸಿ ಚಿನ್ನ ತಂದರು. ಮರುವರ್ಷವೇ ರಹೀಮರು ಕ್ಯಾನ್ಸರಿನಿಂದ ತೀರಿಕೊಂಡರು. ಏಷ್ಯನ್ ಕ್ರೀಡಾಕೂಟದ ಕಾಲ್ಚೆಂಡಾಟದಲ್ಲಿ ಚಿನ್ನ ಮತ್ತೆ ನಮಗೆ ದಕ್ಕಿಲ್ಲ.

ಅಂದು ನಮಗೆ ಸೋತ ಕೊರಿಯಾ ಏನು ಮಾಡಿತು? 2001ರಲ್ಲಿ ಫ್ರಾನ್ಸ್‌ಗೂ ಜೆಕ್ ದೇಶಕ್ಕೂ ತಲಾ ಐದು ಗೋಲುಗಳ ಅಂತರದಿಂದ ಸೋತು ಅದು ನಗೆಪಾಟಲಾಗಿತ್ತು. ತರಬೇತುದಾರ ಗೂಸ್ ಹಿಡ್ಡಿಂಕ್ ಎದೆಗುಂದದೆ, ಟೀಕೆಗಳನ್ನು ಸಹಿಸಿಕೊಂಡು, ಆಟಗಾರರ ದೇಹಬಲವನ್ನು ತಿಂಗಳುಗಟ್ಟಲೆ ಕಟ್ಟಿದರು. 2002ರ ವಿಶ್ವಕಪ್‌ನಲ್ಲಿ ಇಟಲಿಯ ವಿರುದ್ಧ ಸೋಲುವ ಹಂತದಲ್ಲಿದ್ದಾಗ 88ನೆಯ ನಿಮಿಷದಲ್ಲಿ ಸಮ ಮಾಡಿ, 117ನೆಯ ನಿಮಿಷದಲ್ಲಿ ಕೊರಿಯಾ ಗೆದ್ದಿತು, ಉಪಾಂತ್ಯದವರೆಗೆ ನಡೆಯಿತು. ಎಲ್ಲರೂ ದಣಿಯುವ ಹೊತ್ತಿಗೆ ದಣಿಯದೆ ಉಳಿದದ್ದೇ ಅವರ ದೊಡ್ಡ ಬಲ.

ನಿವೃತ್ತನಾಗಿ ಬೆಂಗಳೂರಿಗೆ ಬಂದ ಮೇಲೆ ಇಂಥದೇ ಒಂದು ಬದಲಾವಣೆಯನ್ನು ನಾನೇ ಕಂಡೆ. 2015ರ ಸೆಪ್ಟೆಂಬರ್ 8ರಂದು ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ಇರಾನ್ ತಂಡ ನಮ್ಮನ್ನು 3-0ಯಿಂದ ಮಣಿಸಿದಾಗ ಮಗನೊಡನೆ ಅಲ್ಲಿದ್ದೆ. ಆ ವರ್ಷ ನಮ್ಮ ಶ್ರೇಯಾಂಕ 173ಕ್ಕೆ ಇಳಿದಿತ್ತು. ಅದೇ ವರ್ಷ ಬಂದಿದ್ದ ತರಬೇತುದಾರ ಸ್ಟೀಫನ್ ಕಾನ್‌ಸ್ಟಂಟೈನ್ ದೈಹಿಕ ಕ್ಷಮತೆಗೆ ಮೊದಲ ಸ್ಥಾನ ಕೊಟ್ಟರು, ಯುವಕರನ್ನು ತಂದರು. 2017ರ ಜೂನ್ 13ರಂದು ಅದೇ ಕ್ರೀಡಾಂಗಣದಲ್ಲಿ ಕಿರ್ಗಿಸ್ತಾನದ ವಿರುದ್ಧ 69ನೆಯ ನಿಮಿಷದಲ್ಲಿ ಛೆಟ್ರಿಯವರು ಗೋಲು ಹೊಡೆದು ಗೆಲ್ಲಿಸಿದರು. ಮರುತಿಂಗಳು ಭಾರತ 96ನೆಯ ಸ್ಥಾನಕ್ಕೇರಿತು.

ಏರಿದ್ದು ನಿಲ್ಲಲಿಲ್ಲವೆಂಬುದೂ ಸತ್ಯ. 2019ರ ಸೆಪ್ಟೆಂಬರ್‌ನಲ್ಲಿ ಓಮಾನ್ ವಿರುದ್ಧ 82ನೆಯ ನಿಮಿಷದವರೆಗೆ ಮುಂದಿದ್ದು ಸೋತೆವು. 2024ರಲ್ಲಿ ಇಡೀ ವರ್ಷ ಒಂದು ಪಂದ್ಯವನ್ನೂ ಗೆಲ್ಲಲಿಲ್ಲ. 2025ರ ಜೂನ್ 10ರಂದು ಹಾಂಗ್‌ಕಾಂಗ್‌ನಲ್ಲಿ ಹೆಚ್ಚುವರಿ ನಿಮಿಷಗಳ ಪೆನಾಲ್ಟಿಯೊಂದು ನಮ್ಮನ್ನು ಸೋಲಿಸಿತು. ಇವೆಲ್ಲಕ್ಕೂ ದಣಿವೊಂದೇ ಕಾರಣವೆಂದರೆ ಅನ್ಯಾಯವಾದೀತು. ಗೋಲು ಹೊಡೆಯುವವರ ಕೊರತೆ, ಆಡಳಿತದ ತೊಡಕು, ಪಂದ್ಯಗಳ ಅಭಾವ ಎಲ್ಲವೂ ಇವೆ. ಆದರೆ ಮತ್ತೆ ಮತ್ತೆ ಕೊನೆಯ ನಿಮಿಷಗಳಲ್ಲಿ ಜಾರುವ ತಂಡವು ತನ್ನ ದೇಹವನ್ನು ಕುರಿತು ಯೋಚಿಸದೆ ವಿಧಿಯಿಲ್ಲ.

ಆ ದೇಹ ರೂಪುಗೊಳ್ಳುವುದು ಇಪ್ಪತ್ತೈದನೆಯ ವಯಸ್ಸಿನಲ್ಲಿ, ತರಬೇತಿ ಶಿಬಿರದಲ್ಲಿ ಅಲ್ಲ. ಅದು ಹತ್ತನೆಯ, ಹದಿನೈದನೆಯ ವಯಸ್ಸಿನಲ್ಲಿ, ಮನೆಯ ಒಲೆಯ ಮುಂದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 19 ವರ್ಷದ ಹುಡುಗರಲ್ಲಿ ನೂರಕ್ಕೆ 31 ಮಂದಿಗೆ, ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆ ಇದೆ. ನಮ್ಮ ಮನೆಗಳಲ್ಲಿ ‘ಮಂದ’, ‘ಸೋಮಾರಿ’ ಎನಿಸಿಕೊಳ್ಳುವ ಮಕ್ಕಳಲ್ಲಿ ಎಷ್ಟು ಮಂದಿ ಈ ಲೆಕ್ಕದೊಳಗಿದ್ದಾರೋ!

ಆ ಹುಡುಗನಿಗೆ ಜಂತುಹುಳುವಿನ ಮಾತ್ರೆ, ಕಬ್ಬಿಣಾಂಶದ ಗುಳಿಗೆ ಕೊಡಿಸಿ ಮೂರು ತಿಂಗಳು ಓಟದಿಂದ ದೂರ ಇಟ್ಟೆವು. ಅಡುಗೆಯ ತಾಯಿ ನನ್ನ ಗುರುವಾದರು. ಹಿಂದಿನ ರಾತ್ರಿ ನೆನೆಹಾಕಿದ ಶೇಂಗಾ, ಒಂದು ತುಂಡು ಬೆಲ್ಲ ಅಭ್ಯಾಸಕ್ಕೆ ಮುಂಚೆ; ಅಭ್ಯಾಸ ಮುಗಿದೊಡನೆ ಮೊಳಕೆ ಬರಿಸಿದ ಹೆಸರುಕಾಳು; ಊಟಕ್ಕೆ ಜೋಳದ ರೊಟ್ಟಿಯೊಡನೆ ಸೊಪ್ಪಿನ ಪಲ್ಯ, ಮೇಲೆ ಲಿಂಬೆಹಣ್ಣಿನ ರಸ. ಮಾಂಸ ತಿನ್ನದ ನಮ್ಮಂಥವರಿಗೆ ಕಾಳು ಸೊಪ್ಪುಗಳ ಕಬ್ಬಿಣ ಮೈಗೆ ಹತ್ತಲು ಹುಳಿ ಹಣ್ಣು ನೆರವಾಗುತ್ತದೆ, ಊಟದ ಜೊತೆಗಿನ ಚಹ ಅಡ್ಡಿಯಾಗುತ್ತದೆ ಎಂದು ವೈದ್ಯರು ತಿಳಿಸಿದ್ದರು. ಆದುದರಿಂದ ಚಹವನ್ನು ಒಂದು ಗಂಟೆ ಮುಂದಕ್ಕೆ ಹಾಕಿದೆವು. ಊರಿನ ಹಿರಿಯರು ಕ್ಯಾನ್ವಾಸ್ ಬೂಟುಗಳನ್ನು ಕೊಡಿಸಿದರು. ಹತ್ತು ಸುತ್ತಿನ ಶಿಕ್ಷೆಯನ್ನು ನಿಲ್ಲಿಸಿ, ಸ್ವಲ್ಪ ದೂರ ಬಿರುಸಾಗಿ ಓಡಿ, ನಡೆದು ದಣಿವಾರಿಸಿಕೊಂಡು, ಮತ್ತೆ ಓಡುವ ಅಭ್ಯಾಸ ಮಾಡಿಸಿದೆ. ಕಾಲ್ಚೆಂಡಾಟದ ಓಟವೇ ಹಾಗಿರುತ್ತದೆ.

ಮುಂದಿನ ವರ್ಷ ನಾವು ಪ್ರಶಸ್ತಿ ಗೆದ್ದೆವೆಂದು ಹೇಳಿದರೆ ಕಥೆಗೆ ಒಪ್ಪುತ್ತಿತ್ತು, ಗೆಲ್ಲಲಿಲ್ಲ. ಉಪಾಂತ್ಯದಲ್ಲಿ ಒಂದು ಗೋಲಿನಿಂದ ಸೋತೆವು. ಆದರೆ ಕೊನೆಯ ಸೀಟಿ ಊದುವಾಗ ನನ್ನ ಹುಡುಗರು ಎದುರಾಳಿಯ ಗೋಲುಕಂಬದ ಬಳಿಯಿದ್ದರು, ಓಡುತ್ತಲೇ ಇದ್ದರು. ಅಂದು ಕುಸಿದಿದ್ದ ಹುಡುಗ ಬೆವರು ಒರೆಸಿಕೊಳ್ಳುತ್ತ ಬಂದು, “ಸರ್, ಇವತ್ತ ಕಾಲು ಕಲ್ಲಾಗಲಿಲ್ರೀ,” ಎಂದ. ನಾನು ಅವನಲ್ಲಿ ಕ್ಷಮೆ ಕೇಳಬೇಕಾಗಿತ್ತು. ಶಿಕ್ಷಕನೆಂಬ ಬಿಂಕ ಅಡ್ಡ ಬಂದು, ಬೆನ್ನು ತಟ್ಟಿ ಸುಮ್ಮನಾದೆ. ಆ ಕೊರಗು ಇಂದಿಗೂ ಉಳಿದಿದೆ.

ಇದನ್ನೆಲ್ಲ ಅಂದು ರಾತ್ರಿ ಮೊಮ್ಮಗನಿಗೆ ಹೇಳಿದೆ. ಅವನೂ ಶಾಲೆಯ ತಂಡದಲ್ಲಿ ಆಡುತ್ತಾನೆ. “ಬೆಳಿಗ್ಗೆ ಅಭ್ಯಾಸಕ್ಕೆ ಹೋಗುವ ಮುಂಚೆ ಏನು ತಿನ್ನುತ್ತೀ?” ಎಂದು ಕೇಳಿದೆ. ತಲೆ ತಗ್ಗಿಸಿ, “ಏನೂ ಇಲ್ಲ ಅಜ್ಜಾ, ಹೊತ್ತಾಗಿರುತ್ತೆ,” ಎಂದ. ಹೊತ್ತಾಗುವುದು ಏಕೆಂದರೆ ರಾತ್ರಿ ಹನ್ನೆರಡರವರೆಗೆ ಮೊಬೈಲು. ಹಸಿದ ಹಳ್ಳಿಯ ಹುಡುಗನಿಗೂ, ಎಲ್ಲ ಇದ್ದೂ ಉಣ್ಣದ ನಗರದ ಹುಡುಗನಿಗೂ ಕೊನೆಯ ಇಪ್ಪತ್ತು ನಿಮಿಷ ಒಂದೇ ಪಾಠ ಕಲಿಸುತ್ತದೆ. ಅಡುಗೆಮನೆಯಲ್ಲಿದ್ದ ಸೊಸೆ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಏನೂ ಹೇಳದೆ ಡಬ್ಬಿ ತೆಗೆದು ಒಂದು ಹಿಡಿ ಶೇಂಗಾ ನೆನೆಹಾಕಿದಳು.

ತಂದೆತಾಯಂದಿರಲ್ಲಿ, ನನ್ನಂಥ ಶಿಕ್ಷಕರಲ್ಲಿ ನನ್ನದೊಂದೇ ವಿನಂತಿ. ಆಟದಲ್ಲಾಗಲಿ ಪಾಠದಲ್ಲಾಗಲಿ ಮಗುವೊಂದು ಹಿಂದೆ ಬಿದ್ದಾಗ ‘ಸೋಮಾರಿ’ ಎಂಬ ಮಾತು ನಾಲಗೆಯ ತುದಿಗೆ ಬರುತ್ತದೆ. ಅದನ್ನು ಆಡುವ ಮೊದಲು ಮೂರು ಪ್ರಶ್ನೆ ಕೇಳೋಣ: ಉಂಡೆಯಾ? ನಿದ್ದೆ ಮಾಡಿದೆಯಾ? ಮೈಯಲ್ಲಿ ಹುಷಾರಿದೆಯಾ? ಈ ಮೂರನ್ನು ನಾನು ಕಾಲಕ್ಕೆ ಸರಿಯಾಗಿ ಕೇಳಿದ್ದರೆ, ಒಬ್ಬ ಹುಡುಗ ಗೋಲುಕಂಬದ ಬಳಿ ಬೀಳುತ್ತಿರಲಿಲ್ಲ.