ಉಂಡಾಡಿ ವೈರಸ್ಸಿನ ಉಪಕಾರ

ಉಂಡಾಡಿ ಗುಂಡನಿಂದ ಲೋಕಕ್ಕೇನು ಉಪಯೋಗ ಎಂದು ಕೇಳುವವರಿಗೆ ನಾನು ಜಿಬಿ ವೈರಸ್-ಸಿ ಕಥೆ ಹೇಳುತ್ತೇನೆ. ಮನುಷ್ಯರ ರಕ್ತದಲ್ಲಿ ವರ್ಷಗಟ್ಟಲೆ ಠಿಕಾಣಿ ಹೂಡಿದರೂ ಇದರಿಂದ ಬರುವ ಕಾಯಿಲೆ ಇಂಥದ್ದು ಎಂದು ಯಾರೂ ಬೊಟ್ಟು ಮಾಡಿ ತೋರಿಸಿಲ್ಲ. ಗಟ್ಟಿಮುಟ್ಟಾದ ರಕ್ತದಾನಿಗಳಲ್ಲೂ ನೂರಕ್ಕೆ ಒಬ್ಬಿಬ್ಬರಲ್ಲಿ ಸಿಗುತ್ತದೆ.

ಹೆಸರು ಬಂದದ್ದೂ ತಮಾಷೆಯೇ. 1960ರ ದಶಕದಲ್ಲಿ ಶಿಕಾಗೊದ ಒಬ್ಬ ಶಸ್ತ್ರವೈದ್ಯರಿಗೆ ಕಾಮಾಲೆಯಾಯಿತು. ಅವರ ರಕ್ತದ ಸೀರಮ್ಮನ್ನು ಟ್ಯಾಮರಿನ್ ಎಂಬ ಪುಟ್ಟ ಕೋತಿಗಳಿಗೆ ಚುಚ್ಚಿದರು. ಅವುಗಳ ಯಕೃತ್ತೂ ಕೆಟ್ಟಿತು. ಜಿ, ಬಿ ಎನ್ನುವುದು ಆ ವೈದ್ಯರ ಹೆಸರಿನ ಮೊದಲಕ್ಷರಗಳು. ಕೋತಿಗಳಲ್ಲಿ ಸಿಕ್ಕ ವೈರಸ್ಸುಗಳ ನೆಂಟನೊಬ್ಬ 1995ರಲ್ಲಿ ಮನುಷ್ಯರಲ್ಲೂ ಕಾಣಿಸಿದಾಗ ಅದಕ್ಕೂ ಅದೇ ಹೆಸರು ಅಂಟಿತು. ಬೇರೊಂದು ತಂಡ 'ಹೆಪಟೈಟಿಸ್ ಜಿ' ಎಂದಿತು. ಆಮೇಲೆ ನೋಡಿದರೆ, ಪಾಪ, ಅದರ ಬೆಳವಣಿಗೆಯೆಲ್ಲ ಬಿಳಿ ರಕ್ತಕಣಗಳಲ್ಲಿ. ಯಕೃತ್ತಿನ ತಂಟೆಗೆ ಹೋದ ಪುರಾವೆಯೇ ಇಲ್ಲ!

2001ರಲ್ಲಿ ಅಮೆರಿಕದ ಅಯೋವಾದಿಂದ ಒಂದು ಲೆಕ್ಕ ಬಂತು. ಎಚ್‌ಐವಿ ಇದ್ದ 362 ಮಂದಿಯಲ್ಲಿ 144 ಮಂದಿಗೆ ಈ ವೈರಸ್ಸೂ ಇತ್ತು. ಅವರಲ್ಲಿ ಸತ್ತವರು ಶೇ. 28.5, ಇಲ್ಲದವರಲ್ಲಿ ಶೇ. 56.4. ಜರ್ಮನಿಯ ಹ್ಯಾನೋವರ್‌ನ ವೈದ್ಯರೂ ಅದೇ ಹೊತ್ತಿಗೆ ಇಂಥದ್ದನ್ನೇ ಹೇಳಿದರು.

ಹೇಗೆ ಅಂತೀರಾ? ಎಚ್‌ಐವಿ ನುಗ್ಗುವುದು ಸಿಡಿ4 ಟಿ ಕಣಗಳಿಗೆ. ಸಿಡಿ4 ಹಿಡಿದುಕೊಂಡರಷ್ಟೇ ಸಾಲದು; ಪಕ್ಕದಲ್ಲಿ ಸಿಸಿಆರ್5 ಎಂಬ ಇನ್ನೊಂದು ಹಿಡಿಕೆಯೂ ಬೇಕು. ನಮ್ಮ ಉಂಡಾಡಿ ಒಳಗಿದ್ದರೆ ಕಣಗಳು ರಾಂಟೆಸ್ ಎಂಬ ರಾಸಾಯನಿಕವನ್ನು ಹೆಚ್ಚಾಗಿ ಸೂಸುತ್ತವೆ. ಅದು ಹೋಗಿ ಸಿಸಿಆರ್5ಗೆ ಅಂಟಿಕೊಳ್ಳುತ್ತದೆ; ಎಷ್ಟೋ ಹಿಡಿಕೆಗಳು ಕಣದೊಳಕ್ಕೇ ಸರಿದುಬಿಡುತ್ತವೆ. ದಿನವಿಡೀ ಜಗಲಿಯಲ್ಲಿ ಕಾಲು ಚಾಚಿ ಕೂತವನನ್ನು ಕಂಡು ಕಳ್ಳ ಮುಂದಿನ ಬೀದಿಗೆ ಹೋದ ಹಾಗೆ.

ದಡಾರವೂ ಹೀಗೊಂದು ಆಟ ಆಡುತ್ತದೆ. ಜಾಂಬಿಯಾದ ಲುಸಾಕದಲ್ಲಿ ಎಚ್‌ಐವಿ ಇದ್ದ ಮಕ್ಕಳಿಗೆ ದಡಾರ ಬಂದಾಗ ರಕ್ತದಲ್ಲಿ ಎಚ್‌ಐವಿ ಕೆಲಕಾಲ ತಗ್ಗಿದ್ದು ಕಂಡುಬಂತು. ಹಾಗೆಂದು ದಡಾರವನ್ನು ಯಾರೂ ಮನೆಗೆ ಕರೆಯುವುದು ಬೇಡ. ಅದು ಮಕ್ಕಳನ್ನೇ ಕೊಲ್ಲುವ ಜಾತಿ.

ತಕರಾರೂ ಇದೆ. ಉಂಡಾಡಿ ಬೆಳೆಯುವುದಕ್ಕೂ ಸಿಡಿ4 ಕಣಗಳೇ ಬೇಕು. ಎಚ್‌ಐವಿ ಆ ಕಣಗಳನ್ನು ಮುಗಿಸುತ್ತಾ ಬಂದರೆ ಇದೂ ಕಾಲ್ತೆಗೆಯುತ್ತದೆ. ಹಾಗಾದರೆ ಇದು ಇದ್ದುದರಿಂದ ರೋಗಿ ಉಳಿದನೋ, ರೋಗಿ ಗಟ್ಟಿಯಾಗಿದ್ದುದರಿಂದ ಇದು ಉಳಿಯಿತೋ? ಬೀಜ ಮೊದಲೋ ವೃಕ್ಷ ಮೊದಲೋ ಎಂಬ ಜಗಳ. ಆದರೂ ಪ್ರಯೋಗಾಲಯದಲ್ಲಿ ಒಂದೇ ಕಣಗಳಿಗೆ ಎರಡನ್ನೂ ಬಿಟ್ಟು ನೋಡಿದಾಗ ಎಚ್‌ಐವಿ ಮಂದವಾಗಿ ಬೆಳೆಯಿತು. ಅದಕ್ಕೇ ನನ್ನ ಓಟು ಉಂಡಾಡಿಯ ಕಡೆಗೆ.

ಓಟು ಬೇರೆ, ಔಷಧಿ ಬೇರೆ. ಎಚ್‌ಐವಿಯನ್ನು ನಿಜವಾಗಿ ಹದ್ದುಬಸ್ತಿನಲ್ಲಿಡುವುದು ಎಆರ್‌ಟಿ ಮಾತ್ರೆ. ನಮ್ಮ ದೇಶದ ಸರಕಾರಿ ಕೇಂದ್ರಗಳಲ್ಲಿ 2004ರಿಂದ ಅದನ್ನು ಪುಕ್ಕಟೆ ಕೊಡುತ್ತಿದ್ದಾರೆ. ಬೇಕಾದವರು ಒಂದು ದಿನವೂ ತಪ್ಪಿಸದೆ ನುಂಗಿ.